ನಡೆಯದ ಹೆಂಡತಿಯರ ವಕೀಲ

ಭೋಜದ ಖೋತ ಮನೆತನದಲ್ಲಿ ಹುಟ್ಟಿದವರು ಕಬ್ಬು ಬೆಳೆಯುತ್ತಾರೆ, ಇಲ್ಲವೇ ಕಬ್ಬಿನ ಬದುವಿಗಾಗಿ ಬಡಿದಾಡುತ್ತಾರೆ. ರಾವಸಾಹೇಬ ಎರಡನ್ನೂ ಬಿಟ್ಟು ಬೆಳಗಾವಿಗೆ ಹೋಗಿ ವಕೀಲಿ ಓದಿ ಬಂದ. ೧೯೮೨ರಲ್ಲಿ ಚಿಕ್ಕೋಡಿಯಲ್ಲಿ, ಒಬ್ಬ ಹಲ್ಲಿನ ಡಾಕ್ಟರ ದವಾಖಾನೆಯ ಮೇಲಿನ ಮಾಳಿಗೆ ಹಿಡಿದು ಬೋರ್ಡು ಹಾಕಿದ. ಜಮೀನಿನ ವಕೀಲನಾಗಬೇಕೆಂಬುದೊಂದೇ ಅವನ ಆಸೆ. ಆ ಸೀಮೆಯಲ್ಲಿ ಜಮೀನಿನ ವಕೀಲನೆಂದರೆ ದೇವರಿಗಿಂತ ಎರಡು ಬೆರಳು ಮಾತ್ರ ಕೆಳಗೆ. ಅಜ್ಜ ಹಾಕಿದ ದಾವೆಯನ್ನು ಮೊಮ್ಮಗ ನಡೆಸುತ್ತಾನೆ, ಅಜ್ಜನ ವಕೀಲನ ಮೊಮ್ಮಗನೂ ಕರಿ ಕೋಟು ಹಾಕಿಕೊಂಡು ಅದನ್ನೇ ನಡೆಸುತ್ತಾನೆ, ಹೀಗೆ ಎರಡು ಮನೆತನಗಳ ನಡುವೆ ಬೀಗರಲ್ಲಿಯೂ ಕಾಣದಂಥ ಬಾಂಧವ್ಯ ಬೆಳೆಯುತ್ತದೆ.

ಆದರೆ ಜಮೀನುಳ್ಳವರೆಲ್ಲ ಹಳೆಯ ವಕೀಲರ ಕೈಯಲ್ಲಿದ್ದರು. ಮೊದಲ ಹತ್ತು ತಿಂಗಳು ರಾವಸಾಹೇಬನ ಮಾಳಿಗೆ ಹತ್ತಿ ಬಂದವರು ಹೆಚ್ಚಾಗಿ ದಾರಿ ತಪ್ಪಿದ ಹಲ್ಲುನೋವಿನವರು. ಗಲ್ಲ ಹಿಡಿದುಕೊಂಡು ಬಂದು ಕುರ್ಚಿಯಲ್ಲಿ ಕುಳಿತು, ಏನೂ ಹೇಳದೆ ಬಾಯಿ ತೆರೆಯುತ್ತಿದ್ದರು. ಅವನು ಸಮಾಧಾನದಿಂದ ಕೆಳಗಿನ ಬಾಗಿಲು ತೋರಿಸುತ್ತಿದ್ದ.

ಬಾಯಿ ತೆರೆಯದೆ ಕುಳಿತ ಮೊದಲನೆಯವಳು ಸತ್ತೆವ್ವ. ರಾಯಬಾಗದ ಕಡೆಯ ಕುರಿ ಕಾಯುವ ಮನೆತನದ ಹೆಂಗಸು. ಗಂಡನ ಹೊಡೆತ ತಾಳದೆ ತವರು ಸೇರಿ ಎರಡು ವರ್ಷವಾಗಿತ್ತು. ಅವಳನ್ನು ಮನೆಗೆ ಕಳಿಸಿಕೊಡಬೇಕೆಂದು ಗಂಡ ಕೋರ್ಟಿಗೆ ಹೋಗಿದ್ದ. ಬೇರೆ ಯಾವ ವಕೀಲರೂ ಅವಳ ಕಾಗದ ಮುಟ್ಟಿರಲಿಲ್ಲ. ಹೆಂಡತಿಯನ್ನು ಗಂಡನಿಂದ ಬಿಡಿಸುವ ಕೇಸು ಹಿಡಿದರೆ ಮಾನವಂತರು ಜಮೀನಿನ ಕೇಸು ಕೊಡುವುದಿಲ್ಲ ಎಂಬ ಭಯ ಅವರಿಗೆ. ರಾವಸಾಹೇಬನಿಗೆ ಯಾರೂ ಏನೂ ಕೊಡುತ್ತಿರಲಿಲ್ಲವಾದ್ದರಿಂದ ಆ ಭಯವಿರಲಿಲ್ಲ.

ಕೇಸು ಯಾವ ಊರಿನ ಕೋರ್ಟಿನಲ್ಲಿ ನಡೆಯಿತೆಂದು ಹೇಳುವುದಿಲ್ಲ, ಹೇಳಿದರೆ ನ್ಯಾಯಾಂಗ ನಿಂದನೆ ಆದೀತು. ನ್ಯಾಯಾಧೀಶರು ಮೈಸೂರು ಕಡೆಯವರು, ವರ್ಗವಾಗಿ ಬಂದು ಇನ್ನೂ ಹದಿನೈದು ದಿನ. ಈ ಸೀಮೆಯಲ್ಲಿ ಹೆಣ್ಣು ಗಂಡನ ಮನೆಗೆ ಬಾಳುವೆಗೆ ಹೋದರೆ ‘ನಡಿಯಾಕ ಹೋಗ್ಯಾಳ’ ಅನ್ನುತ್ತಾರೆ, ತವರಿನಲ್ಲಿ ಉಳಿದರೆ ‘ನಡಿಯಾಕ ಬಂದಿಲ್ಲ’ ಅನ್ನುತ್ತಾರೆ. ಗಂಡನ ವಕೀಲ ಅರ್ಜಿಯಲ್ಲಿ ಅದನ್ನೇ ಬರೆದಿದ್ದ: ಪ್ರತಿವಾದಿಯು ಎರಡು ವರ್ಷಗಳಿಂದ ನಡೆಯುತ್ತಿಲ್ಲ. ಬರೆದವನು ಆ ಹೊತ್ತಿಗೆ ಎದುರಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದ.

ನ್ಯಾಯಾಧೀಶರು ಅರ್ಜಿ ಓದಿ ಕನ್ನಡಕ ತೆಗೆದರು. "ಎರಡು ವರ್ಷದಿಂದ ನಡೆದೇ ಇಲ್ವೇನ್ರಿ? ಡಾಕ್ಟರಿಗೆ ತೋರಿಸಿದ್ರಾ?"

"ಡಾಕ್ಟರಿಗಿ ಏನ್ ತೋರಸೂದ್ರಿ ಸಾಹೇಬ್ರ," ಎಂದ ಗಂಡ. "ಹಟಾ ಐತಿ ಅಕಿಗಿ."

ನ್ಯಾಯಾಧೀಶರು ಸತ್ತೆವ್ವನ ಕಡೆ ತಿರುಗಿದರು. "ಏನಮ್ಮಾ, ನೀನು ನಡೆಯಲ್ವಾ?"

"ಸತ್ತರೂ ನಡಿಯೂದಿಲ್ಲರಿ."

"ಮತ್ತೆ ಇಲ್ಲಿಗೆ ಹೇಗೆ ಬಂದೆ?"

"ನಡಕೋಂತ ಬಂದೆನ್ರಿ. ಮೋಟಾರ ತಪ್ಪಿತ್ರಿ, ಆರ ಮೈಲು ನಡದೇನಿ."

ರಾವಸಾಹೇಬನಿಗೆ ಎಲ್ಲವೂ ಒಮ್ಮೆಲೇ ತಿಳಿಯಿತು. ಒಂದು ಮಾತಿನಲ್ಲಿ ಬಿಡಿಸಿ ಹೇಳಬಹುದಾಗಿತ್ತು. ಹೇಳಲಿಲ್ಲ. ಎದ್ದು ನಿಂತು, ನನ್ನ ಕಕ್ಷಿಗಾರಳು ಆರು ಮೈಲು ನಡೆದು ಬಂದು ತಾವೇ ನೋಡುವಂತೆ ಕಟಕಟೆಯಲ್ಲಿ ನಿಂತಿದ್ದಾಳೆ, ಇಂಥವಳು ನಡೆಯುವುದಿಲ್ಲವೆಂದು ಬರೆದುಕೊಟ್ಟ ಮನುಷ್ಯನ ಬೇರೆ ಯಾವ ಮಾತನ್ನು ನಂಬುವುದು ಎಂದು ಬಹಳ ನೊಂದ ದನಿಯಲ್ಲಿ ಕೇಳಿದ. ಎದುರಿನ ವಕೀಲ ಚಹಾ ಮುಗಿಸಿ ಬಾಯಿ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ಅರ್ಜಿ ವಜಾ ಆಗಿತ್ತು.

ಹೊರಗೆ ಬಂದ ಸತ್ತೆವ್ವ ಅವನ ಕಾಲಿಗೆ ಹಣೆ ಹಚ್ಚಿದಳು. ಅವನಿಗೆ ನಾಚಿಕೆಯಾಯಿತು. ಗೆದ್ದದ್ದು ತಾನಲ್ಲ, ಮೈಸೂರಿನ ಕನ್ನಡ ಎಂಬುದು ಅವನಿಗೆ ಗೊತ್ತಿತ್ತು. ಉಳಿದವರಿಗೆ ಗೊತ್ತಿರಲಿಲ್ಲ. ಹುಕುಂ ಕೇಳಿದವರು ಖೋತ ವಕೀಲನ ತಲೆಯೇ ತಲೆ ಎಂದು ರಾಯಬಾಗದಿಂದ ಕಾಗವಾಡದವರೆಗೆ ಹೇಳಿಕೊಂಡು ಬಂದರು.

ಆ ನ್ಯಾಯಾಧೀಶರು ಬೇಗನೆ ಈ ಸೀಮೆಯ ಮಾತು ಕಲಿತರು, ಆಮೇಲೆ ಬಂದವರು ಧಾರವಾಡದವರು. ಹೀಗಾಗಿ ರಾವಸಾಹೇಬ ನಿಜವಾಗಿಯೂ ಕಾನೂನು ಓದಬೇಕಾಯಿತು. ಓದಿದ, ಗೆದ್ದ, ಹೆಸರು ಮಾಡಿದ. ಬಿಡುಗಡೆ ಪತ್ರಕ್ಕೆ ಗಡಿಯ ಮಾತಿನಲ್ಲಿ ಸೋಡಚಿಟ್ಟಿ ಎನ್ನುತ್ತಾರಾದ್ದರಿಂದ ಅವನಿಗೆ ಸೋಡಚಿಟ್ಟಿ ವಕೀಲ ಎಂದೇ ಹೆಸರು ಬಿತ್ತು. ಸಂತೆಯ ದಿನ ಹೆಂಗಸರು ಮನೆಯಲ್ಲಿ ಹಲ್ಲಬ್ಯಾನಿ ಎಂದು ಹೇಳಿ ಚಿಕ್ಕೋಡಿಗೆ ಬರುತ್ತಿದ್ದರು, ಡಾಕ್ಟರ ಬಾಗಿಲು ದಾಟಿ ಮಾಳಿಗೆ ಹತ್ತುತ್ತಿದ್ದರು. ಬರಬರುತ್ತ ಸುತ್ತಲಿನ ಹಳ್ಳಿಗಳಲ್ಲಿ ಹೆಂಡತಿ ಗಲ್ಲದ ಮೇಲೆ ಕೈಯಿಟ್ಟರೆ ಗಂಡನ ಎದೆ ಧಸಕ್ ಎನ್ನತೊಡಗಿತು. ಕೆಲವು ಗಂಡಂದಿರು ಅದೇ ಹೆದರಿಕೆಯಲ್ಲಿ ವಾರಗಟ್ಟಲೆ ಸಭ್ಯರಾಗಿದ್ದರಂತೆ. ನಿಜವಾಗಿ ಹಲ್ಲು ನೋಯುವ ಹೆಂಗಸರ ಪಾಡು ಮಾತ್ರ ಕೆಟ್ಟಿತು, ಅವರನ್ನು ಯಾರೂ ಮನೆಯಿಂದ ಹೊರಗೇ ಬಿಡುತ್ತಿರಲಿಲ್ಲ.

ಊರ ಹಿರಿಯರು ಟವೆಲು ಕೊಡವಿಕೊಂಡು ರಾಜಿಗೆ ಬಂದರೆ ರಾವಸಾಹೇಬ ಚಹಾ ಕುಡಿಸಿ ಕಳಿಸುತ್ತಿದ್ದ. ಹದಿನಾರು ವರ್ಷದಲ್ಲಿ ತನ್ನ ಮಾಳಿಗೆ ಹತ್ತಿದ ಒಬ್ಬ ಹೆಂಗಸನ್ನೂ ಅವನು ತಿರುಗಿ ಹೋಗೆಂದು ಹೇಳಲಿಲ್ಲ. ಶುರುವಿನಲ್ಲಿ ಅದು ಹೊಟ್ಟೆಪಾಡು, ಆಮೇಲೆ ಅದು ಹೆಮ್ಮೆಯಾಯಿತು. ರಾತ್ರಿ ಊಟಕ್ಕೆ ಕುಳಿತಾಗ ಹೆಂಡತಿ ಕಸ್ತೂರೆವ್ವನ ಮುಂದೆ ಅದನ್ನು ಎರಡೆರಡು ಸಲ ಹೇಳುತ್ತಿದ್ದ. ಅವಳು ರೊಟ್ಟಿ ನೀಡುತ್ತ, "ಹೌದ್ರಿ, ನೀವು ಭಾಳ ದೊಡ್ಡವ್ರು. ಪಲ್ಯಾ ಹಚ್ಚಗೋರಿ," ಅನ್ನುತ್ತಿದ್ದಳು.

ಕಸ್ತೂರೆವ್ವನ ಸಂಕಟ ಬೇರೆ. ಅವರ ಮನೆಯವರನ್ನು ಯಾರೂ ಮದುವೆಗೆ ಕರೆಯುತ್ತಿರಲಿಲ್ಲ. ಲಗ್ನಪತ್ರಿಕೆಗಳೇನೋ ಬರುತ್ತಿದ್ದವು, ಮದುವೆಯಾಗಿ ನಾಲ್ಕು ದಿನಕ್ಕೆ ಬರುತ್ತಿದ್ದವು. ಟಪಾಲಿನವರದೇ ತಪ್ಪು ಎಂದು ಕರೆದವರು ಬೈಯುತ್ತಿದ್ದರು. ವಧೂವರರ ಮೇಲೆ ಅಕ್ಕಿಕಾಳು ಬೀಳುವ ಹೊತ್ತಿಗೆ ಸೋಡಚಿಟ್ಟಿ ವಕೀಲ ಹಂದರದಲ್ಲಿದ್ದರೆ ಆ ಸಂಸಾರ ನಿಲ್ಲುವುದಿಲ್ಲ ಎಂದು ಯಾರೋ ಹುಟ್ಟಿಸಿದ ಮಾತು ಹತ್ತು ವರ್ಷದಲ್ಲಿ ಶಾಸ್ತ್ರವಾಗಿತ್ತು. ಮೊದಮೊದಲು ರಾವಸಾಹೇಬ ನಕ್ಕ. ಮಗಳು ಗೌರಾ ಮದುವೆಯ ವಯಸ್ಸಿಗೆ ಬಂದ ಮೇಲೆ ನಗು ನಿಂತಿತು.

ಅಜ್ಜಿ ಗೌರಾಬಾಯಿಯ ಹೆಸರು ಹೊತ್ತ ಆ ಹುಡುಗಿಗೆ ಏನೂ ಕೊರತೆಯಿರಲಿಲ್ಲ, ಅಪ್ಪನೊಬ್ಬನನ್ನು ಬಿಟ್ಟರೆ. ನಿಪ್ಪಾಣಿಯಿಂದ ಬಂದವರು ಹುಡುಗಿ ಚಲೋ, ಮನೆ ಚಲೋ, ಆದರೆ ನಾಳೆ ಮಾತಿಗೆ ಮಾತು ಬಂದರೆ ವಕೀಲನನ್ನು ಹುಡುಕುವ ತ್ರಾಸವೂ ಇಲ್ಲವಲ್ಲ ಎಂದು ಹಿಂದೆ ಸರಿದರು. ಕಾಗವಾಡದವರು, ಹುಡುಗಿ ಎಂದೂ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲವೆಂದು ಬಾಂಡ್ ಬರೆದುಕೊಡಿ ಎಂದರು. ರಾವಸಾಹೇಬ ತಡೆಯಲಾರದೆ, ಅಂಥ ಬಾಂಡು ಕಾನೂನಿನ ಪ್ರಕಾರ ಏಕೆ ನಿಲ್ಲುವುದಿಲ್ಲ ಎಂದು ಕಲಂ ಸಮೇತ ವಿವರಿಸಿದ. ಅವರು ಅರ್ಧ ಕಪ್ಪು ಚಹಾ ಬಿಟ್ಟು ಎದ್ದರು. ರಾಯಬಾಗದ ಸಂಬಂಧ ಎಲ್ಲ ಕೂಡಿಬಂದಿತ್ತು, ಆದರೆ ಹೊಸ್ತಿಲು ದಾಟಿ ಬಂದ ವರನ ಚಿಕ್ಕಪ್ಪ ವಕೀಲನ ಮುಖ ನೋಡಿದ್ದೇ ಚಪ್ಪಲಿ ಮೆಟ್ಟಿಕೊಂಡ. ಎಂಟು ವರ್ಷದ ಹಿಂದೆ ಅವನು ಎದುರು ಪಾರ್ಟಿಯಾಗಿದ್ದ.

"ಊರ ಮಂದಿ ಹೆಂಡರ್ನೆಲ್ಲಾ ಬಿಡಸಿದ್ರಿ," ಎಂದಳು ಕಸ್ತೂರೆವ್ವ. "ಈಗ ನಮ್ಮ ಹುಡಗೀನ ಕಟ್ಟಗೊಳ್ಳಾವ್ರಿಲ್ಲ."

ಕೊನೆಗೆ ಮಧ್ಯಸ್ಥ ಲಗಮಣ್ಣ ಅಥಣಿಯ ಕಡೆಯ ಒಂದು ಮನೆ ಹುಡುಕಿದ. ಹತ್ತು ಎಕರೆ ದ್ರಾಕ್ಷಿ ತೋಟ, ಒಬ್ಬನೇ ಮಗ ಜ್ಞಾನದೇವ. ಹುಡುಗ ಹೆಣ್ಣು ನೋಡಲು ಬಂದವನು ಎಲ್ಲರಂತೆ ಅಡುಗೆ ಬರುತ್ತದೆಯೇ ಎಂದು ಕೇಳದೆ, ಕಾಲೇಜು ಏಕೆ ಬಿಟ್ಟೆ ಎಂದು ಕೇಳಿದ. ಅಪ್ಪ ಬಿಡಿಸಿದರು ಎಂದಳು ಗೌರಾ. ಮತ್ತೆ ಪರೀಕ್ಷೆಗೆ ಕಟ್ಟುತ್ತೀಯಾ, ನಾನು ಕಟ್ಟಿಸುತ್ತೇನೆ ಎಂದ. ಅವರು ಹೋದ ಮೇಲೆ ಹುಡುಗಿ ಎರಡು ದಿನ ಹಾಡು ಗುನುಗುತ್ತ ಮನೆ ಕಸ ಹೊಡೆದಳು. ರಾವಸಾಹೇಬ ಪೇಪರು ಅಡ್ಡ ಹಿಡಿದುಕೊಂಡು ಆ ಹಾಡು ಕೇಳಿದ. ಈ ಸಂಬಂಧ ತಪ್ಪಿದರೆ ತಾನು ಮಗಳ ಮುಖ ನೋಡಲಾರೆ ಎನ್ನಿಸಿತು.

ವರನ ತಂದೆ ಬಾಳಾಸಾಬ ಮಾತಿಗೆ ಕುಳಿತಾಗ ಬಂಗಾರ ಕೇಳಲಿಲ್ಲ, ಮೋಟಾರ್ ಸೈಕಲ್ ಕೇಳಲಿಲ್ಲ. "ನಂದೇನೂ ಬೇಡಿಕಿ ಇಲ್ಲರಿ ವಕೀಲ್ರ. ಒಂದ ಮಾತ ಐತಿ. ಲಗ್ನಾ ನಮ್ಮ ಊರಾಗ ಮಾಡೂನು. ಅಕ್ಕಿಕಾಳ ಬೀಳೂ ಹೊತ್ತಿಗಿ ಮಾತ್ರ ನೀವು ಹಂದರದಾಗ ಬ್ಯಾಡ್ರಿ."

"ಕನ್ಯಾದ ಅಪ್ಪ ನಾನು."

"ಹೌದ್ರಿ. ಧಾರಿ ಎರಿಯಾಕ ಸ್ವಾದರಮಾವ ಇದ್ದಾನಲ್ಲ."

"ಯಾವ ಶಾಸ್ತ್ರದಾಗ ಐತ್ರಿ ಇದು?"

"ಶಾಸ್ತ್ರದಾಗಿಲ್ಲರಿ," ಎಂದ ಬಾಳಾಸಾಬ ವಿನಯದಿಂದ. "ಮಂದಿ ಬಾಯಾಗ ಐತಿ."

ಹದಿನಾರು ವರ್ಷ ಎಲ್ಲರ ಬಾಯಿ ಮುಚ್ಚಿಸಿದ ವಕೀಲ ಒಳಬಾಗಿಲ ಕಡೆ ನೋಡಿದ. ಒಳಗೆ ಹಾಡು ನಿಂತಿತ್ತು, ಗೌರಾ ಬಾಗಿಲ ಹಿಂದೆ ಬಂದು ನಿಂತಿದ್ದಳು. ಆಗಲಿ ಎಂದುಬಿಟ್ಟ.

೧೯೯೮ರ ಮೇ ತಿಂಗಳು. ಮದುವೆಯ ದಿನ ವರನ ಮನೆಯವರು ಅವನನ್ನು ಬಹಳ ಮರ್ಯಾದೆಯಿಂದ ಹಂದರಕ್ಕೆ ನೂರು ಹೆಜ್ಜೆ ದೂರದ, ದ್ರಾಕ್ಷಿ ಒಣಗಿಸುವ ಶೆಡ್ಡಿನಲ್ಲಿ ಕೂಡಿಸಿದರು. ಕುಳಿತುಕೊಳ್ಳಲು ಕುರ್ಚಿ, ಕುಡಿಯಲು ತಂಬಿಗೆ ನೀರು, ತಲೆಗೆ ಹೊಸ ರುಮಾಲು. ಸುತ್ತ ಜಾಳಿಗೆಗಳ ಮೇಲೆ ಹಾಸಿದ ದ್ರಾಕ್ಷಿ, ಅದರ ಹುಳಿ ವಾಸನೆ. ಹಸಿರು ಪರದೆಯ ತೂತುಗಳಲ್ಲಿ ಹಂದರದ ಒಂದು ಮೂಲೆ ಕಾಣುತ್ತಿತ್ತು. ಗೌರಾ ಕಾಣುತ್ತಿರಲಿಲ್ಲ. ರಾವಸಾಹೇಬ ಕುರ್ಚಿಯನ್ನು ಎಡಕ್ಕೆ ಸರಿಸಿ ನೋಡಿದ, ಬಲಕ್ಕೆ ಸರಿಸಿ ನೋಡಿದ. ಕಂಬದ ಮರೆ ತಪ್ಪಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಬಿಸಿಲಿಗೆ ಬಂದ ನೀರಲ್ಲ ಅದು.

ಅಳಲಿಕ್ಕೂ ಜನ ಬಿಡಲಿಲ್ಲ. ಮೊದಲು ಬ್ಯಾಂಡಿನ ಮಾಸ್ತರ ತುತ್ತೂರಿ ಕಂಕುಳಲ್ಲಿಟ್ಟುಕೊಂಡು ಬಂದ. ಅವನ ತಂಗಿಯದೊಂದು ಪ್ರಕರಣವಿತ್ತು. ಆಮೇಲೆ ವರನ ದೊಡ್ಡಪ್ಪ ಬಂದ. ಸೋಡಚಿಟ್ಟಿ ವಕೀಲನ ನೆರಳು ಹಂದರದ ಮೇಲೆ ಬೀಳಬಾರದೆಂದು ಎಲ್ಲರಿಗಿಂತ ದೊಡ್ಡ ದನಿಯಲ್ಲಿ ಹೇಳಿದವನೇ ಅವನು. ಆಚೀಚೆ ನೋಡಿ, ಪರದೆ ಸರಿಸಿ ಒಳಗೆ ನುಗ್ಗಿ, "ಹಲ್ಲ ಭಾಳ ನೋಯಾಕತ್ತಾವ್ರಿ ವಕೀಲ್ರ," ಎಂದ. ಮೂರು ತಿಂಗಳಿಂದ ಅವನ ಮಗಳು ಗಂಡನ ಮನೆ ಬಿಟ್ಟು ಬಂದು ಕುಳಿತಿದ್ದಳು. ಅವನ ಹಿಂದೆ ಅಡುಗೆಯವ ಸೌಟು ಹಿಡಿದು ಸರದಿಯಲ್ಲಿ ನಿಂತಿದ್ದ. ತನ್ನಿಂದ ಕೆಡುವ ಸಂಸಾರ ಈ ಮದುವೆಯಲ್ಲಿ ಒಂದೂ ಉಳಿದಂತಿಲ್ಲ ಎಂದುಕೊಂಡು ರಾವಸಾಹೇಬ ಎಲ್ಲರಿಗೂ ಸೋಮವಾರ ಮಾಳಿಗೆಗೆ ಬರಲು ಹೇಳಿ ಕಳಿಸಿದ.

ಎಲ್ಲರೂ ಹೋದ ಮೇಲೆ ಒಬ್ಬ ಹೆಂಗಸು ಚಹಾದ ಕಪ್ಪು ಹಿಡಿದು ಬಂದಳು. ತಲೆ ತುಂಬ ಸೆರಗು, ಹಸಿರು ಇಳಕಲ್ ಸೀರೆ. ವರನ ತಾಯಿ ಚನ್ನವ್ವ. ಮಾತುಕತೆಗೆ ಬಂದಾಗಲೆಲ್ಲ ಗಂಡನ ಹಿಂದೆ ಕುಳಿತು ಒಂದು ಮಾತೂ ಆಡದ ಹೆಂಗಸು.

"ನೀವ್ಯಾಕ ತಂದ್ರಿ ಅಕ್ಕಾರ," ಎಂದು ರಾವಸಾಹೇಬ ಎದ್ದು ನಿಂತ.

ಚನ್ನವ್ವ ಕಪ್ಪು ಕೊಟ್ಟು ಹೋಗಲಿಲ್ಲ. ಸೆರಗಿನೊಳಗಿಂದ ಎಡಗೈ ಹೊರಗೆ ಚಾಚಿದಳು. ಮಣಿಕಟ್ಟಿನ ಎಲುಬು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಮದುವೆಯ ಹಸಿರು ಬಳೆಗಳನ್ನು ಆ ಕೈಗೆ ಏರಿಸಲಾಗದೆ ಎಲ್ಲವನ್ನೂ ಬಲಗೈಗೇ ಹಾಕಿಕೊಂಡಿದ್ದಳು.

"ಬಚ್ಚಲದಾಗ ಬಿದ್ದೆ ಅಂತ ಹೇಳೇನ್ರಿ ಎಲ್ಲಾರಿಗೂ," ಎಂದಳು. "ಎರಡ ಸರ್ತಿ ಬಿದ್ದೆ ಅಂತ ಹೇಳೇನಿ. ಮೂವತ್ತ ವರ್ಷ ಆತ್ರಿ. ಮಗನ ಲಗ್ನಾ ಆಗಲಿ ಅಂತ ತಡದಿದ್ದೆ. ಇವತ್ತ ಆಗತೈತಿ. ನಾಳಿಗಿ ನಾ ತವರಿಗಿ ಉಗಾರ ಬುದ್ರುಕಕ್ಕ ಹೋಗಾಕಿ. ತಿರಗಿ ಬರಾಕಿ ಅಲ್ಲ. ಅವ್ರು ಬಂದು ಎಳಕೊಂಡ ಹೋಗಧಂಗ ಒಂದ ಕಾಗದಾ ಮಾಡಿ ಕೊಡ್ರಿ."

ಇಂಥ ಮಾತನ್ನು ಅವನು ನೂರಾರು ಸಲ ಕೇಳಿದ್ದ. ಮುಂದೆ ಕೇಳಬೇಕಾದದ್ದು ಅವನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು: ಯಾವ ದವಾಖಾನೆಗೆ ತೋರಿಸಿದಿರಿ, ಚೀಟಿ ಇದೆಯೇ, ಕಂಡವರು ಯಾರು. ಅವನ ಬಾಯಿ ತೆರೆದೂ ಇತ್ತು. ಅಷ್ಟರಲ್ಲಿ ಹಂದರದಲ್ಲಿ ಮಂಗಳಾಷ್ಟಕ ಶುರುವಾಯಿತು. ಪುರೋಹಿತರು ಮೊದಲ ಶ್ಲೋಕದ ಕೊನೆಗೆ ರಾಗ ಎಳೆದು ‘ಸಾವಧಾನ’ ಎಂದರು.

ನಾಳೆ ಈ ಹೆಂಗಸು ಹೊರಟರೆ ಆ ಬಾಳಾಸಾಬನ ಮನೆಯಲ್ಲಿ ಉಳಿಯುವ ಹೆಂಗಸು ಗೌರಾ ಒಬ್ಬಳೇ. ಹಂದರ ಬಿಚ್ಚುವ ಮೊದಲೇ ಬೀಗರ ಮನೆ ಒಡೆದ ಎಂದು ಐದು ತಾಲೂಕಿನ ಬಾಯಿ ಆಡಿಕೊಳ್ಳುತ್ತದೆ, ಮಗಳನ್ನು ಮೂರನೆಯ ದಿನಕ್ಕೆ ತಿರುಗಿ ಕಳಿಸುತ್ತಾರೆ. ಪರೀಕ್ಷೆಗೆ ಕಟ್ಟಿಸುತ್ತೇನೆಂದ ಹುಡುಗ ತಾಯಿಯ ಕೇಸಿನಲ್ಲಿ ಅಪ್ಪನ ಪರವಾಗಿ ಮಾವನ ಎದುರು ಸಾಕ್ಷಿ ನಿಲ್ಲುತ್ತಾನೆ. ಇಷ್ಟೆಲ್ಲ ಒಂದು ಸಾವಧಾನದಿಂದ ಇನ್ನೊಂದು ಸಾವಧಾನದೊಳಗೆ ಅವನ ತಲೆಯಲ್ಲಿ ಹರಿದುಹೋಯಿತು. ಗೆಲ್ಲುವ ಕೇಸು ಯಾವುದು, ಸೋಲುವುದು ಯಾವುದು ಎಂದು ಅವನು ಅಷ್ಟು ಬೇಗ ಲೆಕ್ಕ ಹಾಕಿದ್ದು ಅದೇ ಮೊದಲು.

"ಅಕ್ಕಾರ," ಎಂದ. ತನ್ನ ದನಿ ತನಗೇ ಯಾರದೋ ಎನ್ನಿಸಿತು. "ಈಗ ಸೊಸಿ ಬರಾಕತ್ತಾಳ. ಮನಿ ತುಂಬತೈತಿ. ಅವ್ರಿಗೂ ವಯಸ್ಸಾತು, ಮೆತ್ತಗ ಆಕ್ಕಾರ. ಇಷ್ಟ ದಿನಾ ತಡದೀರಿ, ಇನ್ನೊಂದ ಸ್ವಲ್ಪ ದಿನಾ ತಾಳಕೊಂಡ ಹೋಗ್ರಿ."

ಚನ್ನವ್ವ ಅವನ ಮುಖ ನೋಡಿದಳು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಇದ್ದಿದ್ದರೆ ಅವನಿಗೆ ಅಷ್ಟು ಕಷ್ಟವಾಗುತ್ತಿರಲಿಲ್ಲ.

"ತವರಾಗ ನಮ್ಮ ಅಣ್ಣಾನೂ ಹಿಂಗ ಅಂದಾ," ಎಂದಳು. "ಮಠದ ಅಜ್ಜಾರೂ ಹಿಂಗ ಅಂದ್ರು. ನೀವೊಬ್ರು ಬ್ಯಾರೆ ಅಂತೀರಿ ಅಂತ ಮಾಡಿದ್ನಿ." ಎಡಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಚಾ ಆರತೈತಿ, ಕುಡೀರಿ."

ಅವನು ಕುಡಿದ. ಅವಳು ಖಾಲಿ ಕಪ್ಪು ಇಸಿದುಕೊಂಡು ಹೋದಳು.

ಐದು ನಿಮಿಷವೂ ಆಗಿರಲಿಲ್ಲ, ಪರದೆ ಸರಿಸಿಕೊಂಡು ಬಾಳಾಸಾಬ ಬಂದ. ಮುಖದ ತುಂಬ ನಗೆ. "ಏಳ್ರಿ ಬೀಗರ, ಒಳಗ ಬರ್ರಿ. ಅಕ್ಕಿಕಾಳಿಗಿ ಹೊತ್ತಾತು."

"ನಾ ಬರಬಾರದಂತ ನೀವ ಅಂದಿದ್ರಿ."

"ಅಂದಿದ್ನಿ. ಈಗ ನಮ್ಮ ಮನಿಯಾಕಿ ಎಲ್ಲಾರ ಮುಂದ ಹೇಳಿದ್ಲು, ಕರಕೊಂಡ ಬರ್ರಿ ಆ ವಕೀಲ್ರನ, ಅವರಿಂದ ಯಾರ ಮನೀನೂ ಮುರಿಯೂದಿಲ್ಲ ಅಂತ." ಬಾಳಾಸಾಬ ಅವನ ಹೆಗಲ ಮೇಲೆ ಕೈ ಹಾಕಿದ. "ಮೂವತ್ತ ವರ್ಷದಾಗ ಎಂದೂ ಬಾಯಿ ತಗದಾಕಿ ಅಲ್ಲರಿ ಅಕಿ. ಅಕೀನ ಹೇಳಿದ ಮ್ಯಾಲ ನಾ ಇಲ್ಲನ್ನಾಕ ಬರತೈತೇನು?"

ಹೆಗಲ ಮೇಲಿನ ಆ ಕೈ ಬಹಳ ಭಾರವಾಗಿತ್ತು. ರಾವಸಾಹೇಬ ಅದನ್ನು ಹೊತ್ತುಕೊಂಡೇ ನೂರು ಹೆಜ್ಜೆ ನಡೆದ. ಹಂದರದಲ್ಲಿ ಜನ ಸರಿದು ದಾರಿ ಬಿಟ್ಟರು, ಬರ್ರಿ ಬರ್ರಿ ಎಂದರು. ದೊಡ್ಡಪ್ಪನೇ ಮುಂದೆ ಬಂದು ಅವನ ಬೊಗಸೆಗೆ ಅಕ್ಕಿಕಾಳು ಸುರಿದ. ಕಸ್ತೂರೆವ್ವ ಅವನನ್ನು ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಸಿಂಗ ಕಟ್ಟಿಕೊಂಡ ಗೌರಾ ತಲೆಯೆತ್ತಿ ಅಪ್ಪನನ್ನು ಕಂಡು, ನಾಚಿಕೆ ಬಿಟ್ಟು, ಹಲ್ಲು ಕಾಣುವಂತೆ ನಕ್ಕಳು. ಅವಳ ಬೆನ್ನ ಹಿಂದೆ ಚನ್ನವ್ವ ಒಂದೇ ಕೈಯಿಂದ ಸೊಸೆಯ ಸೆರಗು ಸರಿಮಾಡುತ್ತ ನಿಂತಿದ್ದಳು.

ಬ್ಯಾಂಡಿನವರು ತುತ್ತೂರಿ ಬಾಯಿಗಿಟ್ಟರು. ಪುರೋಹಿತರು ಕೊನೆಯ ಸಾವಧಾನ ಹೇಳಿದರು. ರಾವಸಾಹೇಬ ಎಲ್ಲರ ಸಂಗಡ ಕೈ ಎತ್ತಿ ಹಾಕಿದ. ಅಕ್ಕಿಕಾಳು ಮಗಳ ತಲೆಯ ಮೇಲೆ ಬಿದ್ದವು, ಅವಳ ಬೆನ್ನಿಗೆ ನಿಂತ ಚನ್ನವ್ವನ ತಲೆಯ ಮೇಲೂ ಬಿದ್ದವು.